ಭಾವನವರು ಓದಿದ 'ಬೆನಿಗ್ನಾ'

ನನ್ನ ಎಡ ಮೊಲೆಯಲ್ಲಿ ಒಂದು ಗಂಟು ಇತ್ತು. ಇಷ್ಟು ಸರಳವಾದ ವಾಕ್ಯವನ್ನು ನಮ್ಮ ಮನೆಯಲ್ಲಿ ಒಬ್ಬರೂ ಪೂರ್ತಿಯಾಗಿ ಹೇಳಲಿಲ್ಲ. ಅತ್ತೆ "ಎದ್ಯಾಗ ಏನೋ ಆಗೇತಿ" ಎಂದರು. ಅದನ್ನು ಕೇಳಿಸಿಕೊಂಡ ಪಕ್ಕದ ಮನೆಯವರು ಹೃದಯಕ್ಕೇ ಏನೋ ಆಗಿದೆ ಎಂದುಕೊಂಡು, ಸುಲಿದ ಬೆಳ್ಳುಳ್ಳಿಯನ್ನು ಜೇನುತುಪ್ಪದಲ್ಲಿ ನೆನೆಹಾಕಿ ಡಬ್ಬಿಯಲ್ಲಿ ಕಳಿಸಿದರು. ನನ್ನ ಗಂಡ ಡಿಪೋಗೆ ಫೋನ್ ಮಾಡಿ "ಎದಿ ತ್ರಾಸ ಐತ್ರಿ" ಎಂದು ನನ್ನ ರಜೆ ಕೇಳಿದರು. ಡಿಪೋದವರು ಚಹಾ ಕುಡಿಯುತ್ತ, ಇಷ್ಟು ಸಣ್ಣ ವಯಸ್ಸಿನ ಹೆಣ್ಣುಮಗಳಿಗೆ ಬ್ಲಾಕೇಜ್ ಹೇಗಾಯಿತು ಎಂದು ಚರ್ಚೆ ಮಾಡಿದರಂತೆ. ಎಮ್ಮೆಯ ಮೊಲೆ ಬಾತಿದೆ ಎಂದು ಓಣಿಗೆಲ್ಲ ಕೇಳುವಂತೆ ಕೂಗುವ ಜನ, ಹೆಂಗಸಿನ ವಿಷಯಕ್ಕೆ ಬಂದರೆ ನಾಲಿಗೆ ನುಂಗಿಕೊಳ್ಳುತ್ತಾರೆ. ಅದಕ್ಕೇ ನಾನು ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ಓದಲು ಮುಜುಗರವಾಗುವವರು ಇಲ್ಲೇ ಇಳಿದುಕೊಳ್ಳಬಹುದು, ಮುಂದಿನ ಸ್ಟಾಪ್ ದೂರ ಇದೆ.

ನಾನು ಬಸ್ ಕಂಡಕ್ಟರ್. ಕೊಟ್ಟಿದ್ದು ಜಮಖಂಡಿಗೆ, ತವರು ರಬಕವಿ. ಹೆಚ್ಚಾಗಿ ಮುಧೋಳ, ಲೋಕಾಪುರದ ಕಡೆಯ ಗಾಡಿಯಲ್ಲಿ ಡ್ಯೂಟಿ. ಗಂಟನ್ನು ಮೊದಲು ಕಂಡುಹಿಡಿದದ್ದು ನಾನಲ್ಲ, ನನ್ನ ಚೀಲದ ಪಟ್ಟಿ. ಬಲ ಹೆಗಲಿನಿಂದ ಎಡಕ್ಕೆ ಇಳಿಯುವ ಆ ಪಟ್ಟಿ, ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ಒಂದೇ ಜಾಗದಲ್ಲಿ ಒತ್ತಿ ನೋಯಿಸತೊಡಗಿತು. ಮನೆಗೆ ಬಂದು ಮುಟ್ಟಿ ನೋಡಿಕೊಂಡರೆ ಹುಣಸೆ ಬೀಜದಂಥದ್ದೊಂದು ಕೈಗೆ ಸಿಕ್ಕಿತು. ಗಟ್ಟಿಯಾಗಿತ್ತು, ಜರುಗುತ್ತಿರಲಿಲ್ಲ. ಮೇಲಿನ ಚರ್ಮ ಸ್ವಲ್ಪ ಒಳಗೆ ಎಳೆದುಕೊಂಡಿತ್ತು.

ಇದನ್ನು ಅತ್ತೆಗೆ ಹೇಳಿದ್ದೇ ತಡ, ಕಾರಣವೂ ಸಿಕ್ಕಿಬಿಟ್ಟಿತು. "ದಿನಾ ಗಂಡಸರ ಹಂಗ ಚೀಲಾ ಹಾಕ್ಕೊಂಡು ನಿಂತರ ಮತ್ತೇನಾಕ್ಕೈತಿ?" ಚೀಲದಿಂದ ಗಂಟು ಬರುವುದಾದರೆ ಇಡೀ ರಾಜ್ಯದ ಕಂಡಕ್ಟರುಗಳೆಲ್ಲ ಗಂಟಿನ ಮೂಟೆಗಳಾಗಿರಬೇಕಿತ್ತು. ಆದರೆ ಅತ್ತೆಯ ಜೊತೆ ತರ್ಕ ಮಾಡುವುದೆಂದರೆ ಕುಡಿದು ಬಸ್ ಹತ್ತಿದವನಿಗೆ ಚಿಲ್ಲರೆ ಲೆಕ್ಕ ಹೇಳಿದ ಹಾಗೆ.

ಊರಿನ ಲೇಡಿ ಡಾಕ್ಟರ ಹತ್ತಿರ ಹೋದೆ. ನನ್ನ ಮಗಳನ್ನು ಹೆರಿಗೆ ಮಾಡಿಸಿದವರು ಅವರೇ. ಬಾಯಿ ಜೋರು. ಗರ್ಭಿಣಿಯರನ್ನೂ ಅವರ ಅತ್ತೆಯಂದಿರನ್ನೂ ಒಂದೇ ಉಸಿರಿನಲ್ಲಿ ಬೈಯುತ್ತಾರೆ. ಅಂಥವರು ಬೆರಳಿಂದ ಒತ್ತಿ ನೋಡುತ್ತ ನೋಡುತ್ತ ಸುಮ್ಮನಾದರು. ಅವರ ಬೈಗುಳಕ್ಕೆ ನಾನು ಎಂದೂ ಹೆದರಿದವಳಲ್ಲ. ಆ ಮೌನಕ್ಕೆ ಮಾತ್ರ ಹೆದರಿದೆ.

"ಮಿರಜಕ್ಕ ಹೋಗವಾ," ಎಂದರು. "ಸ್ಕ್ಯಾನ್ ಮಾಡಸು. ಚೂರು ತಗದು ಪರೀಕ್ಷಾ ಮಾಡ್ತಾರ. ತಡಾ ಮಾಡಬ್ಯಾಡ."

ನಮ್ಮ ಕಡೆಯವರಿಗೆ ದೊಡ್ಡ ಬೇನೆ ಬಂದರೆ ಮಿರಜ. ದವಾಖಾನೆಯ ವೇಟಿಂಗ್ ಹಾಲ್ ಎಂದರೆ ಅರ್ಧ ಕರ್ನಾಟಕ, ಅರ್ಧ ಮಹಾರಾಷ್ಟ್ರ. ಟಿವಿಯಲ್ಲಿ ಮರಾಠಿ ಧಾರಾವಾಹಿ, ಕೆಳಗೆ ಕನ್ನಡದ ಕಣ್ಣೀರು. ಒಂದು ಕುಟುಂಬ ದೊಡ್ಡ ಪೊಟ್ಟಣ ಬಿಚ್ಚಿಕೊಂಡು ಭಡಂಗ ಎನ್ನುವ ಖಾರದ ಚುರುಮುರಿ ತಿನ್ನುತ್ತ ಕೂತಿತ್ತು. ಪಕ್ಕದಲ್ಲಿ ಯಾರು ಅಳುತ್ತಿದ್ದರೂ ಅವರ ಕೈ ಪೊಟ್ಟಣಕ್ಕೂ ಬಾಯಿಗೂ ಓಡಾಡುವುದು ನಿಲ್ಲಲಿಲ್ಲ. ನನಗೆ ಅಸಹ್ಯವಾಯಿತು. ಸ್ವಲ್ಪ ಹೊತ್ತಿಗೆ ಹಸಿವೂ ಆಯಿತು.

ಸ್ಕ್ಯಾನ್ ನೋಡಿದ ಡಾಕ್ಟರು ನನ್ನನ್ನು ಹೊರಗೆ ಕೂರಲು ಹೇಳಿ ಗಂಡನನ್ನು ಒಳಗೆ ಕರೆದರು. ಗಂಟು ನನ್ನದು, ಮಾತು ಅವರಿಗೆ. ಗಂಡ ಹೊರಬಂದಾಗ ಮುಖ ಇಳಿದುಹೋಗಿತ್ತು.

"ಏನಂದ್ರು?"

"ಏನಿಲ್ಲ. ನೋಡಾಕ ಛಲೋ ಕಾಣವಲ್ದಂತ. ಸುತ್ತ ಬೇರು ಬಿಟ್ಟಂಗ ಐತಂತ. ಪರೀಕ್ಷಾ ಆದಮ್ಯಾಲೆ ಖರೆ ಗೊತ್ತಾಕ್ಕೈತಿ ಅಂದ್ರು."

ಇದು 'ಏನಿಲ್ಲ' ಎನ್ನುವುದರ ಅರ್ಥ. ಆಮೇಲೆ ದಪ್ಪ ಸೂಜಿ ಹಾಕಿ ಚೂರು ತೆಗೆದರು. ರಿಪೋರ್ಟ್ ಕಳಿಸಲು ಒಂದು ನಂಬರ್ ಬೇಕೆಂದು ಕೌಂಟರಿನವರು ಕೇಳಿದಾಗ, ನನ್ನ ಫೋನ್ ನನ್ನ ಕೈಯಲ್ಲೇ ಇರುವಾಗ, ಗಂಡ ತಮ್ಮ ಅಣ್ಣನ ನಂಬರ್ ಬರೆಸಿದರು. "ಅಂವಗ ಇಂಗ್ಲಿಷ್ ಬರತೈತಿ," ಎಂದರು.

ಈ ಅಣ್ಣ, ಅಂದರೆ ನನ್ನ ಭಾವ, ಹೈಸ್ಕೂಲ್ ಮಾಸ್ತರರು. ಒಂದೇ ಅಂಗಳ, ಎರಡು ಬಾಗಿಲು. ಬ್ಯಾಂಕಿನ ಪತ್ರ, ಕರೆಂಟಿನ ನೋಟೀಸು, ಔಷಧಿಯ ಚೀಟಿ, ಎಲ್ಲವೂ ಮೊದಲು ಅವರ ಕನ್ನಡಕದ ಕೆಳಗೆ ಹೋಗಿಯೇ ಉಳಿದವರಿಗೆ ಬರಬೇಕು. ಹಾಳೂರಿಗೆ ಉಳಿದವನೇ ಗೌಡ. ನಾನೂ ಬಿ.ಎ. ಓದಿದ್ದೇನೆ ಎಂಬುದು ಮದುವೆಯ ಮಾತುಕತೆಯ ದಿನ ಒಮ್ಮೆ ಎಲ್ಲರಿಗೂ ಗೊತ್ತಿತ್ತು, ಆಮೇಲೆ ಯಾರಿಗೂ ನೆನಪಾಗಲಿಲ್ಲ.

ಕಾಯುವ ದಿನಗಳಲ್ಲಿ ಡ್ಯೂಟಿಗೆ ಹೋದೆ. ಮನೆಯಲ್ಲಿ ಕೂತರೆ ಅತ್ತೆಯ ನಿಟ್ಟುಸಿರು ಕೇಳಬೇಕು. ನನ್ನ ಗಾಡಿಯ ಡ್ರೈವರ್ ಮಕಾನದಾರ ಅಣ್ಣ ಮಾತು ಕಡಿಮೆಯ ಮನುಷ್ಯ. ಅವನಿಗೆ ಯಾರು ಏನು ಹೇಳಿದ್ದರೋ ಗೊತ್ತಿಲ್ಲ, ಏನೂ ಕೇಳಲಿಲ್ಲ. ಆದರೆ ಮುಧೋಳ ದಾಟಿ ಲೋಕಾಪುರದವರೆಗೂ ಒಂದೊಂದು ಗುಂಡಿಯ ಮುಂದೆ ಗಾಡಿಯನ್ನು ನಿಲ್ಲಿಸಿದಷ್ಟು ನಿಧಾನ ಮಾಡಿದ. ಹಿಂದಿನ ಸೀಟಿನವನೊಬ್ಬ "ಏನ್ರಿ ಡ್ರೈವರ್ ಸಾಹೇಬ್ರ, ಎತ್ತಿನ ಗಾಡಿ ಹೊಡ್ಯಾಕತ್ತೀರೇನ?" ಎಂದು ಕೂಗಿದ. ಅಣ್ಣ ಕನ್ನಡಿಯಲ್ಲಿ ಅವನನ್ನು ನೋಡಿ ಇನ್ನಷ್ಟು ನಿಧಾನ ಮಾಡಿದ. ಆ ದಿನಗಳಲ್ಲಿ ನನಗೆ ಸಿಕ್ಕ ಸಮಾಧಾನ ಅದೊಂದೇ.

ರಿಪೋರ್ಟ್ ಬಂದ ದಿನ ನಾನು ಸಂಜೆ ಮನೆಗೆ ಬಂದಾಗ ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. ಭಾವ ನಡುವೆ. ಕನ್ನಡಕ ಹಣೆಗೆ ಏರಿಸಿದ್ದರು.

"ಗಿರಿಜಾ, ಧೈರ್ಯಾ ತಗೋಬೇಕು," ಎಂದರು. "ಬೆನಿಗ್ನಾ ಅಂತ ಬಂದೈತಿ."

"ಹಂಗಂದ್ರ?"

"ಟ್ಯೂಮರ್ ಒಳಗ ಒಂದು ಜಾತಿ. ಭಾಳ ಅಪರೂಪಂತ, ರಿಪೋರ್ಟಿನಾಗನ ಬರದಾರ. ಅದರಾಗೂ ಎಸ್ ನೂರು ಪಾಸಿಟಿವ್ ಐತಿ." ಬಿಡಿಸಿಯೂ ಹೇಳಿದರು, "ಅಂದ್ರ ನೂರಕ್ಕ ನೂರು."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಕೊರೋನಾ ಬಂದು ಹೋದ ಮೇಲೆ ನಮ್ಮ ಜನಕ್ಕೆ ಇಂಗ್ಲಿಷಿನ ಬೇರೆ ಯಾವ ಪದ ಗೊತ್ತಿರದಿದ್ದರೂ 'ಪಾಸಿಟಿವ್' ಎಂದರೆ ಏನೆಂದು ಗೊತ್ತು. ನನ್ನ ಗಂಡ ನೆಲ ನೋಡುತ್ತ ಕೂತಿದ್ದರು. ನಾನು ಹೆದರಿದೆ. ಬೇರೆ ಮಾತಿಲ್ಲ. ಮಗಳಿನ್ನೂ ಪಿಯುಸಿ. ಅವಳ ತಲೆ ಬಾಚುವವರು ಯಾರು ಎಂದು ಯೋಚಿಸಿದೆ, ಅವಳು ತಾನೇ ಬಾಚಿಕೊಳ್ಳಲು ಕಲಿತು ಎಷ್ಟೋ ವರ್ಷವಾಗಿದ್ದರೂ.

ಮರುದಿನದಿಂದ ಜನ ಬರತೊಡಗಿದರು. ಗುಟ್ಟಾಗಿ ಇಡಬೇಕೆಂದು ತೀರ್ಮಾನವಾಗಿತ್ತು, ಹಾಗಾಗಿ ಸಂಜೆಯ ಹೊತ್ತಿಗೆ ಇಡೀ ಓಣಿಗೆ ಗೊತ್ತಿತ್ತು. ಈ ಸಲ ಬೆಳ್ಳುಳ್ಳಿ ಇಲ್ಲ, ಬಾಳೆಹಣ್ಣು. ಬಂದವರು ನನ್ನ ಮುಖ ನೋಡುತ್ತಿರಲಿಲ್ಲ. ಕಣ್ಣು ನೇರವಾಗಿ ಕುತ್ತಿಗೆಯ ಕೆಳಗಿಳಿದು, ಅಲ್ಲಿ ಏನಾದರೂ ಕಾಣುತ್ತದೆಯೇ ಎಂದು ಹುಡುಕಿ, ಮತ್ತೆ ಮೇಲೇರುತ್ತಿತ್ತು. ಎರಡು ಸಂದಿ ಆಚೆಯ ಹೆಂಗಸೊಬ್ಬಳು ಬಂದು ನನ್ನ ಕೈ ಹಿಡಿದುಕೊಂಡು ಹೇಳಿದಳು: "ನಮ್ಮ ಸಣ್ಣವ್ವಗೂ ಬೆನಿಗ್ನಾನ ಆಗಿತ್ತವಾ. ಭಾಳ ಕೆಟ್ಟದ್ದು ಅದು. ಹಿಡದರ ಬಿಡೂದುಲ್ಲ."

ಪಾಪದ ಸಣ್ಣವ್ವ. ಯಾವ ಬೇನೆಯಿಂದ ಸತ್ತಿದ್ದಳೋ, ಭಾವನವರ ಇಂಗ್ಲಿಷಿನಿಂದ ಇನ್ನೊಂದು ಸಲ ಸಾಯಬೇಕಾಯಿತು.

ರಬಕವಿಯಿಂದ ಅವ್ವ ಬಂದಳು. ಅವಳೊಬ್ಬಳೇ ಏನೂ ಹೇಳದೆ ಒಳಗೆ ಹೋಗಿ, ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. "ಉಣ್ಣು," ಎಂದಳು. ಉಂಡೆ.

ಭಾವ ಮತ್ತು ನನ್ನ ಗಂಡ ಸೇರಿ ಎಲ್ಲ ವ್ಯವಸ್ಥೆ ಮಾಡಿಬಿಟ್ಟಿದ್ದರು. ಮಿರಜದಲ್ಲಿ ನಮ್ಮ ಕಡೆಯ ಜನ ಬಹಳ, ಯಾರಾದರೂ ನೋಡಿಯಾರು ಎಂದು, ಭಾವನವರ ಗೆಳೆಯರೊಬ್ಬರ ಪರಿಚಯದ ಸಣ್ಣ ಆಸ್ಪತ್ರೆ ಗೊತ್ತು ಮಾಡಿದ್ದರು. ಗುರುವಾರ ಆಪರೇಷನ್. ಪೂರ್ತಿ ತೆಗೆದುಬಿಡುವುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಇದನ್ನು ನನಗೆ ಹೇಳಿದ್ದು ನನ್ನ ಗಂಡ, ಅದೂ ನನ್ನ ಕಡೆ ಬೆನ್ನು ಮಾಡಿ, ಗೋಡೆಯ ಮೊಳೆಗೆ ಅಂಗಿ ತೂಗುಹಾಕುತ್ತ.

"ಪೂರ್ತಿ ಅಂದ್ರ?" ಎಂದೆ.

"ಪೂರ್ತಿ ಅಂದ್ರ ಪೂರ್ತಿ. ಇನ್ನ ಅದನ್ನ ಇಟಗೊಂಡು ಏನ್ ಮಾಡಾಕಿ?"

ಇಪ್ಪತ್ತು ವರ್ಷ ಸಂಸಾರ ಮಾಡಿದ ಮನುಷ್ಯ. ಕೆಟ್ಟವರಲ್ಲ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಸಂಬಳ ಕೇಳುವುದಿಲ್ಲ. ಆದರೆ ಆ ಮಾತನ್ನು, ಕೆಟ್ಟ ಹಲಗೆಯನ್ನು ಅಟ್ಟದಿಂದ ಇಳಿಸುವ ಬಗ್ಗೆ ಹೇಳುವ ಹಾಗೆ ಹೇಳಿದರು. ಅಂದು ಜಳಕ ಮಾಡುವಾಗ ನಾನು ನನ್ನ ಮೈಯನ್ನು ಬಹಳ ಹೊತ್ತು ನೋಡಿಕೊಂಡೆ. ಮಗಳಿಗೆ ಹಾಲುಣಿಸಿದ ಜಾಗ. ಬೀಳ್ಕೊಡುವವಳಂತೆ ಕೈ ಇಟ್ಟುಕೊಂಡು ಕಣ್ಣೀರು ಹಾಕಿದೆ.

ದೀರ್ಘ ರಜೆಗೆ ಡಿಪೋದಲ್ಲಿ ಡಾಕ್ಟರ ಸರ್ಟಿಫಿಕೇಟ್ ಬೇಕು. ಅದಕ್ಕಾಗಿ ಬುಧವಾರ ಮಧ್ಯಾಹ್ನ ಲೇಡಿ ಡಾಕ್ಟರ ಹತ್ತಿರ ಹೋದೆ. ನಾಳೆ ಆಪರೇಷನ್ ಎಂದೆ.

"ರಿಪೋರ್ಟ್ ಏನ್ ಬಂತು?"

"ಬೆನಿಗ್ನಾ ಅಂತ ಬಂದೈತ್ರಿ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಏನ್ನಾ?"

"ಬೆನಿಗ್ನಾ. ಭಾಳ ಅಪರೂಪಂತ. ನೂರಕ್ಕ ನೂರು ಪಾಸಿಟಿವ್."

"ರಿಪೋರ್ಟ್ ಎಲ್ಲೈತಿ?"

"ನಮ್ಮ ಭಾವಾರ ಫೋನಿನ್ಯಾಗ."

"ನೀ ನೋಡಿಯೇನು?"

ನೋಡಿರಲಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟರು. "ತಗೊಂಡ ಬಾ. ಈಗ. ಅದನ್ನ ನಾ ನೋಡೂತನಕ ಯಾರಿಗೂ ಮೈ ಮುಟ್ಟಾಕ ಕೊಡಬ್ಯಾಡ."

ದಾರಿಯುದ್ದಕ್ಕೂ ನನಗೆ ಒಂದೇ ಸಿಟ್ಟು. ಹೆಂಗಸರಿಗೆ ಬಸ್ ಪುಕ್ಕಟೆಯಾದ ಮೇಲೆ ಆಧಾರ್ ಕಾರ್ಡ್ ನೋಡದೆ ನಾನು ಒಬ್ಬರಿಗೂ ಜೀರೋ ಟಿಕೆಟ್ ಕೊಟ್ಟವಳಲ್ಲ. "ಐತ್ರಿ, ಮನ್ಯಾಗ ಐತಿ" ಎಂದರೆ "ತೋರಸ್ರಿ" ಎನ್ನುತ್ತೇನೆ. "ದಿನಾ ಬರ್ತೇನಲ್ರೀ" ಎಂದರೂ "ತೋರಸ್ರಿ". ಸ್ವಂತ ಚಿಕ್ಕಮ್ಮನಿಗೂ ಅಂದವಳು. ಅಂಥವಳು ನನ್ನ ಮೈಯ ವಿಷಯದಲ್ಲಿ ಒಬ್ಬರ ಬಾಯಿಮಾತು ನಂಬಿ ಬಾಳೆಹಣ್ಣು ತಿನ್ನುತ್ತ ಕೂತಿದ್ದೆ.

ಶಾಲೆಯ ಬಿಡುವಿಗೆ ಮನೆಗೆ ಬಂದಿದ್ದ ಭಾವ ಊಟ ಮುಗಿಸಿ ಎಲೆಅಡಿಕೆ ಹಾಕುತ್ತಿದ್ದರು. ಹತ್ತಿರ ನಿಂತೆ.

"ಭಾವಾರ, ರಿಪೋರ್ಟ್ ತೋರಸ್ರಿ."

"ಅದೆಲ್ಲಾ ನಿನಗ್ಯಾಕ? ಹೆಣ್ಣಮಕ್ಕಳು ಓದಿದರ ಧೈರ್ಯ ಕೆಡತೈತಿ."

"ತೋರಸ್ರಿ."

"ನಾ ಓದಿ ಹೇಳೇನಲ್ಲ?"

"ತೋರಸ್ರಿ."

ಟಿಕೆಟ್ ಇಲ್ಲದವನ ಸೀಟಿನ ಪಕ್ಕ ಹೇಗೆ ನಿಲ್ಲುತ್ತೇನೋ ಹಾಗೆ ನಿಂತಿದ್ದೆ. ಅಂಥವರು ಮೊದಲು ನಗುತ್ತಾರೆ, ಆಮೇಲೆ ಸಿಟ್ಟಾಗುತ್ತಾರೆ, ಆಮೇಲೆ ಜೇಬಿಗೆ ಕೈ ಹಾಕುತ್ತಾರೆ. ಭಾವನವರು ಮೂರನ್ನೂ ಮಾಡಿದರು. ರಿಪೋರ್ಟ್ ನನ್ನ ಫೋನಿಗೆ ಬಂತು.

ಡಾಕ್ಟರು ಅದನ್ನು ಹಿಗ್ಗಿಸಿ ಹಿಗ್ಗಿಸಿ ಓದಿದರು. ಹೊರಗೆ ಗರ್ಭಿಣಿಯರ ಸಾಲು, ಒಂದು ಕೂಸು ಅಳುತ್ತಿತ್ತು. ಓದಿ ಮುಗಿಸಿ ಫೋನ್ ಮೇಜಿನ ಮೇಲೆ ಇಟ್ಟು ನನ್ನನ್ನು ನೋಡಿದರು.

"ಗಿರಿಜಾ, ಇದು ಬೆನಿಗ್ನಾ ಅಲ್ಲ. ಬಿನೈನ್. 'ಜಿ' ಓದಬಾರದು ಅಲ್ಲಿ. ಬಿನೈನ್ ಅಂದ್ರ ಕೇಡಿಲ್ಲದ್ದು. ನಿನಗ ಕ್ಯಾನ್ಸರ್ ಇಲ್ಲ."

ಅವರು ಇನ್ನೊಮ್ಮೆ, ಕಿವಿ ಕೇಳದವರಿಗೆ ಹೇಳುವ ಹಾಗೆ ಹೇಳಿದರು: "ಇಲ್ಲ."

"ಮತ್ತ ಆ ನೂರು?"

"ಅದು ಪರೀಕ್ಷಾದ ಹೆಸರು. ಆ ಗುರುತು ಸಿಕ್ಕರ, ಇದು ಇಂಥಾ ಗಂಟು ಅಂತ ತಿಳೀತೈತಿ. ಅಪರೂಪದ್ದು, ಖರೆ. ಸ್ಕ್ಯಾನಿನ್ಯಾಗ ಕ್ಯಾನ್ಸರ್ ಕಂಡಂಗ ಕಾಣತೈತಿ, ಮುಟ್ಟಿದರೂ ಹಂಗ. ನಾನೂ ಹೆದರಿದ್ದೆ. ಒಳಗ ನೋಡಿದರ ಏನಿಲ್ಲ. ಹಗಲ ವೇಷದವ ಹುಲಿ ಚರ್ಮಾ ಹಾಕ್ಕೊಂಡು ಬಂದಂಗ." ಕನ್ನಡಕ ತೆಗೆದು ಕೇಳಿದರು, "ಯಾರು ಓದಿದ್ದು ಇದನ್ನ?"

"ಭಾವಾರು. ಹೈಸ್ಕೂಲ್ ಮಾಸ್ತರ ಅದಾರ್ರಿ."

"ಯಾವ ವಿಷಯ?"

"ಗಣಿತ."

"ಹಂಗಾರ ನೂರು ಅನ್ನೂದಷ್ಟ ಬರೋಬ್ಬರಿ ಓದ್ಯಾರ."

ಆಗ ನನಗೆ ನಗು ಬಂತು. ನಗುತ್ತ ನಗುತ್ತಲೇ ಅಳು ಬಂತು, ಮೇಜಿನ ಮೇಲೆ ತಲೆ ಇಟ್ಟು ಅತ್ತೆ. ಡಾಕ್ಟರು ಬಾಗಿಲ ಕಡೆ ತಿರುಗಿ "ಯಾರೂ ಒಳಗ ಬರಬ್ಯಾಡ್ರಿ!" ಎಂದು ಕಿರುಚಿದರು. ಎಷ್ಟು ಹಿತವಾಗಿತ್ತು ಆ ಕಿರುಚಾಟ.

ಸಣ್ಣ ಆಸ್ಪತ್ರೆಯ ಆ ಡಾಕ್ಟರು ಕತ್ತಿ ಹಿಡಿಯುವ ಮೊದಲಾದರೂ ರಿಪೋರ್ಟ್ ಓದುತ್ತಿದ್ದರೇನೋ. ಓದುತ್ತಿದ್ದರು ಎಂದೇ ಎಲ್ಲರೂ ನನಗೆ ಹೇಳುತ್ತಾರೆ. ಹೇಳುವವರದೇನು ಹೋಗುತ್ತದೆ? ಮೇಜಿನ ಮೇಲೆ ಮಲಗಬೇಕಾಗಿದ್ದವಳು ನಾನು.

ಮನೆಗೆ ಬಂದು ಪಡಸಾಲೆಯಲ್ಲಿ ನಿಂತು ಹೇಳಿದೆ. ಭಾವ ಫೋನ್ ತೆಗೆದು ಆ ಪದವನ್ನು ಮತ್ತೆ ನೋಡಿದರು. "ಸ್ಪೆಲ್ಲಿಂಗ್ ಪ್ರಕಾರ ನೋಡಿದರ ಬೆನಿಗ್ನ್ ಅಂತನ ಆಕ್ಕೈತಿ," ಎಂದರು. "ಇಂಗ್ಲಿಷರ ಭಾಷಾನ ಹಂಗ, ಬರಿಯೂದೊಂದು, ಅನ್ನೂದೊಂದು." ತಪ್ಪು ಇಂಗ್ಲಿಷರದಾಯಿತು. ಅತ್ತೆ ತಾವು ಹೊತ್ತ ಹರಕೆ ಫಲಿಸಿತು ಎಂದರು. ನನ್ನ ಗಂಡ "ಛಲೋ ಆತಲ್ಲ, ಇನ್ನ್ಯಾಕ ಸಿಟ್ಟು?" ಎಂದರು. ಛಲೋ ಆಗಿದ್ದರಿಂದಲೇ ಸಿಟ್ಟು ಮಾಡಲು ನನಗೆ ಜೀವ ಉಳಿದಿದೆ ಎಂಬುದು ಅವರಿಗೆ ಹೊಳೆಯಲಿಲ್ಲ.

ಓಣಿಯವರಿಗಂತೂ ನಿರಾಸೆ. ಬಾಳೆಹಣ್ಣು ತಂದವರು, ಸಾಯದಿರುವ ನನ್ನನ್ನು ಕಂಡರೆ ಸಾಲ ತೀರಿಸದವಳನ್ನು ನೋಡಿದಂತೆ ನೋಡಿದರು. ಸಣ್ಣವ್ವನ ಕಥೆ ಹೇಳಿದವಳು ಮಾತ್ರ ಸೋಲಲಿಲ್ಲ. "ಗಿರಿಜವ್ವಗ ಬೆನಿಗ್ನಾ ಆರಾಮಾತಂತ ನೋಡ್ರಿ, ಲಗೂನ ಗೊತ್ತಾಗಿತ್ತು, ಅದಕ್ಕ" ಎಂದು ಈಗಲೂ ಬಸ್ ಸ್ಟ್ಯಾಂಡಿನಲ್ಲಿ ಹೇಳುತ್ತಿರುತ್ತಾಳೆ.

ಗಂಟನ್ನು ಬಿಡುವ ಹಾಗಿರಲಿಲ್ಲ, ಸುತ್ತ ಸ್ವಲ್ಪ ಸೇರಿಸಿ ತೆಗೆಯಬೇಕು, ಇಲ್ಲದಿದ್ದರೆ ಮತ್ತೆ ಬರಬಹುದು ಎಂದರು. ಮಿರಜದಲ್ಲೇ ಮಾಡಿಸಿಕೊಂಡೆ. ಎಲ್ಲರೂ ನೋಡಲಿ ಎಂದೇ. ಅರ್ಜಿಯಲ್ಲಿ ನನ್ನ ಫೋನ್ ನಂಬರ್ ನಾನೇ ಬರೆದೆ. ಮೊಲೆ ಉಳಿಯಿತು, ಬದಿಗೆ ಒಂದು ಗೆರೆ ಉಳಿಯಿತು. ತೆಗೆದ ಗಂಟಿನ ಕೊನೆಯ ರಿಪೋರ್ಟ್ ತರಲು ಒಬ್ಬಳೇ ಹೋದೆ. ಗಂಡ ಬರುತ್ತೇನೆ ಎಂದರು. ಬೇಡ ಎಂದೆ.

ಕೌಂಟರಿನಲ್ಲಿ ಕಾಗದ ಕೊಟ್ಟರು. ಅಲ್ಲೇ ನಿಂತು ಒಂದೊಂದೇ ಸಾಲು ಓದಿದೆ. ಆ ಪದ ಇತ್ತು. ಅಂಚುಗಳಲ್ಲಿ ಏನೂ ಉಳಿದಿಲ್ಲ ಎಂದಿತ್ತು. ಬೆಂಚಿನ ಮೇಲೆ ಕೂತು ಇನ್ನೊಮ್ಮೆ ಓದಿದೆ. ಅದೇ ಹೊತ್ತಿಗೆ ನನ್ನ ವಯಸ್ಸಿನವಳೇ ಒಬ್ಬಳು ಬಂದು ಪಕ್ಕದಲ್ಲಿ ಕೂತಳು. ತಲೆಯ ಮೇಲೆ ಸೆರಗು, ಕೈಯಲ್ಲಿ ನನ್ನದರಂಥದ್ದೇ ಲಕೋಟೆ. ಕೌಂಟರಿನವರು ಅವಳಿಗೆ ಮರಾಠಿಯಲ್ಲಿ ಏನೋ ಹೇಳಿದ್ದರು, ಅವಳಿಗೆ ತಿಳಿದಿರಲಿಲ್ಲ.

"ನೀವು ಕನ್ನಡದವರೇನ್ರಿ?" ಎಂದಳು. ಹೌದೆಂದೆ. ಮುಧೋಳದ ಕಡೆಯ ರನ್ನ ಬೆಳಗಲಿ ಊರಿನವಳಂತೆ. ಗಂಡ ಔಷಧಿ ತರಲು ಕೆಳಗೆ ಹೋಗಿದ್ದಾನಂತೆ.

"ನೀವು ಓದಾಕತ್ತಿದ್ದು ನೋಡಿದೆ. ನಿಮಗ ಇಂಗ್ಲಿಷ್ ಬರತೈತೇನ್ರಿ, ಅಕ್ಕಾರ? ಇದರಾಗ ಏನ್ ಬರದಾರ, ಸ್ವಲ್ಪ ಹೇಳ್ರಿ."

ಲಕೋಟೆಯಿಂದ ಕಾಗದ ತೆಗೆದು ನನ್ನ ತೊಡೆಯ ಮೇಲೆ ಇಟ್ಟಳು. ನಾನು ನೋಡಿದೆ. ನನ್ನ ಕಾಗದದಲ್ಲಿದ್ದ ಪದ ಅಲ್ಲಿರಲಿಲ್ಲ. ಬೇರೆ ಪದ ಇತ್ತು, ದಪ್ಪ ಅಕ್ಷರದಲ್ಲಿ. ಅದನ್ನು ಓದಲು ಯಾವ ಮಾಸ್ತರನೂ ಬೇಕಾಗಿರಲಿಲ್ಲ. ಕೆಳಗೆ ಮತ್ತೇನೇನೋ ಅಂಕಿಗಳು, ಪಾಸಿಟಿವ್ ಒಂದು ಕಡೆ, ನೆಗೆಟಿವ್ ಒಂದು ಕಡೆ. ಅವುಗಳಲ್ಲಿ ಯಾವುದು ಅವಳಿಗೆ ಒಳ್ಳೆಯದು, ಯಾವುದು ಕೆಟ್ಟದ್ದು, ಮದ್ದು ಎಷ್ಟಿದೆ, ಎಷ್ಟು ಗುಣವಾಗುತ್ತದೆ, ನನಗೆ ಒಂದೂ ಗೊತ್ತಿರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಕಾಗದ ಮಡಚಿ ಲಕೋಟೆಗೆ ಹಾಕಿ ಅವಳ ಕೈಗೇ ಕೊಟ್ಟೆ.

"ನನಗ ಇದನ್ನ ಓದಾಕ ಬರೂದುಲ್ಲವಾ," ಎಂದೆ. "ಏಳು, ಡಾಕ್ಟರ ಕಡೆ ಹೋಗೂಣು. ನಾನೂ ಒಳಗ ಬರ್ತೇನಿ."